ಚಿತ್ರಕಥೆಯ ಅಭ್ಯಾಸ: ಮೂರು ಕನ್ನಡ ಚಿತ್ರಗಳ ಆಧಾರದಿಂದ ಒಂದು ವಿಚಾರ

ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡು ಬಗೆಯಾಗಿ ವಿಂಗಡಿಸಿದ ನಮ್ಮ ಪ್ರಾಚೀನ ಆಲಂಕಾರಿಕರು ನಾಟಕವನ್ನು ಮೊದಲನೆಯ ಬಗೆಯಲ್ಲಿ ಸೇರಿಸಿದರು. ಕಿವಿಗಿಂತ ಮೊದಲು ಕಣ್ಣಿಗೆ ಊಟವಿಡುವುದು ಅದರ ಧರ್ಮ. ಚಲನಚಿತ್ರವು ಆ ವಂಶದ ಕಿರಿಯ ಕೂಸು. ಹೀಗಿದ್ದೂ, ಚಿತ್ರಕ್ಕಾಗಿ ಬರೆಯಬೇಕೆಂದು ಹಂಬಲಿಸುವ ತರುಣರನ್ನು ಏನು ಬರೆದಿದ್ದೀರೆಂದು ಕೇಳಿದರೆ ಅವರು ನಮ್ಮ ಮುಂದೆ ಇಡುವುದು ಬರಿಯ ಸಂಭಾಷಣೆಯ ಕಟ್ಟು. ಮಾತು ಚುರುಕಾಗಿದ್ದರೆ ಚಿತ್ರಕಥೆ ಸಿದ್ಧವಾಯಿತೆಂದು ಅವರ ನಂಬಿಕೆ. ಈ ನಂಬಿಕೆ ಎಲ್ಲಿಂದ ಬಂದಿತು, ಅದನ್ನು ತಿದ್ದಿಕೊಳ್ಳುವ ಬಗೆ ಯಾವುದು ಎಂಬುದನ್ನು ಮೂರು ಕನ್ನಡ ಚಿತ್ರಗಳ ಆಧಾರದಿಂದ ವಿಚಾರಮಾಡುವುದು ಈ ಲೇಖನದ ಉದ್ದೇಶ. ಕಡೆಯಲ್ಲಿ ನಮ್ಮದೇ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಉಪಾಧ್ಯಾಯರ ಸ್ಮರಣ ಸಂಚಿಕೆಯಲ್ಲಿ ಅದಕ್ಕೂ ಸ್ಥಳವುಂಟೆಂದು ಭಾವಿಸುತ್ತೇವೆ.

ಮೊದಲು ನಮ್ಮ ನೆರೆಯಿಂದಲೇ ಆರಂಭಿಸೋಣ. 1965ರಲ್ಲಿ ಧರ್ಮಪುರಿ ಜಿಲ್ಲೆ ರಚನೆಯಾಗುವವರೆಗೆ ನಮ್ಮ ಪಾಲಕೋಡು ಸೇಲಂ ಜಿಲ್ಲೆಗೆ ಸೇರಿತ್ತು. ಆ ಸೇಲಂ ನಗರದಲ್ಲಿ ಟಿ. ಆರ್. ಸುಂದರಂ ಅವರು 1935ರಲ್ಲಿ ಮಾಡರ್ನ್ ಥಿಯೇಟರ್ಸ್ ಸಂಸ್ಥೆಯನ್ನು ಕಟ್ಟಿದರು. ಮಲಯಾಳದ ಮೊದಲನೆಯ ವಾಕ್ಚಿತ್ರವಾದ 'ಬಾಲನ್' (1938) ತಯಾರಾದದ್ದು ಈ ಸಂಸ್ಥೆಯಿಂದ. ಇದೇ ಸಂಸ್ಥೆಯ 'ಮಂತ್ರಿಕುಮಾರಿ' (1950) ಚಿತ್ರಕ್ಕೆ ಬರೆದವರು ಮು. ಕರುಣಾನಿಧಿ. ಎರಡು ವರ್ಷದ ತರುವಾಯ, ಬೇರೆ ಸಂಸ್ಥೆಗಾಗಿ, ಅವರೇ ಬರೆದ 'ಪರಾಶಕ್ತಿ' (1952) ಬಂದಿತು. ಅದರ ನ್ಯಾಯಾಲಯದ ದೃಶ್ಯದ ದೀರ್ಘ ಭಾಷಣವನ್ನು ತಮಿಳು ನಾಡಿನ ಜನ ಬಾಯಿಪಾಠ ಮಾಡಿದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ಇವೆರಡರ ಜೊತೆಗೆ ತೆಲುಗು ಆಡುವ ನಮ್ಮ ಸೀಮೆಯವರ ಕಿವಿಯೂ ಆ ಮಾತಿನ ಮಳೆಯಲ್ಲಿ ನೆನೆಯಿತೆಂದರೆ ಅತಿಶಯೋಕ್ತಿಯಲ್ಲ. ಆ ಮಾತಿಗೆ ಒಂದು ಕಾಲದ ರಾಜಕೀಯ ಅಗತ್ಯವಿತ್ತು, ಶಕ್ತಿಯೂ ಇತ್ತು. ಆದರೆ ಶಕ್ತಿಯುಳ್ಳ ಮಾದರಿಯೇ ಕಲಿಯುವವನಿಗೆ ಹೆಚ್ಚಿನ ಅಪಾಯ. ಅಗತ್ಯವಿಲ್ಲದವನು ಅನುಕರಿಸಿದಾಗ ಉಳಿಯುವುದು ಬರಿಯ ಗದ್ದಲ.

ಕನ್ನಡದಲ್ಲಿ ಮಾತಿನ ಮೋಹ ಬಂದ ದಾರಿ ಸ್ವಲ್ಪ ಬೇರೆ. 1934ರಲ್ಲಿ ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಚಿತ್ರಿತವಾದದ್ದು ಕೊಲ್ಲಾಪುರದಲ್ಲಿ. ಅದಕ್ಕೆ ಮಾತನ್ನೂ ಹಾಡನ್ನೂ ಬರೆದವರು ರಂಗಭೂಮಿಯ ಕವಿ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು ಅಭಿನಯಿಸಿದರು. ಇಬ್ಬರೂ ರಂಗದ ಮೇಲೆ ಪಳಗಿದವರು. 1936ರ 'ಸಂಸಾರ ನೌಕೆ'ಯೂ ಎಚ್. ಎಲ್. ಎನ್. ಸಿಂಹ ಅವರ ನಾಟಕದಿಂದ ಬಂದದ್ದೇ. ಕಂಪನಿ ನಾಟಕದಲ್ಲಿ ಕಡೆಯ ಸಾಲಿನ ನೆಲದ ಮೇಲೆ ಕುಳಿತವನಿಗೆ ನಟನ ಕಣ್ಣೀರು ಕಾಣದು. ಆದುದರಿಂದ "ಅಯ್ಯೋ, ನನ್ನ ಕಣ್ಣಲ್ಲಿ ನೀರು ತುಂಬಿತಲ್ಲಾ" ಎಂದು ಬಾಯಿಬಿಟ್ಟು ಹೇಳಿಸುವುದು ಅಲ್ಲಿ ದೋಷವಲ್ಲ, ಉಪಾಯ. ಚಿತ್ರದಲ್ಲಿ ಹಾಗಲ್ಲ. ಕ್ಯಾಮರಾ ಆ ಕಣ್ಣನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿದ ಮೇಲೆ ಆ ಮಾತು ಎರಡನೆಯ ಸಲ ಬಡಿಸಿದ ಅನ್ನ. ರಂಗದಿಂದ ಬಂದ ನಮ್ಮ ಹಿರಿಯರು ಕೊಟ್ಟದ್ದು ಬಹಳ. ಅವರಿಲ್ಲದಿದ್ದರೆ ಕನ್ನಡಕ್ಕೆ ಚಿತ್ರವೇ ಇರುತ್ತಿರಲಿಲ್ಲ. ಆದರೆ ಅವರ ಉಪಾಯವನ್ನು ಅವಶ್ಯಕತೆ ತೀರಿದ ಮೇಲೂ ನಿಯಮವೆಂದು ಹಿಡಿದದ್ದು ನಮ್ಮ ತಪ್ಪು.

ಇನ್ನೊಂದು ಮೋಹ ಕಾದಂಬರಿಯದು. ತ್ರಿವೇಣಿಯವರ 'ಬೆಳ್ಳಿಮೋಡ', ಎಂ. ಕೆ. ಇಂದಿರಾ ಅವರ 'ಗೆಜ್ಜೆಪೂಜೆ' ಮುಂತಾದವು ಚಿತ್ರಗಳಾಗಿ ಜನಪ್ರಿಯವಾದ ಮೇಲೆ, ಒಳ್ಳೆಯ ಕಾದಂಬರಿ ಸಿಕ್ಕಿದರೆ ಚಿತ್ರಕಥೆ ತಾನಾಗಿಯೇ ಬರುವುದೆಂಬ ಭಾವನೆ ಬೇರೂರಿತು. 1972ರ 'ನಾಗರಹಾವು' ಇದಕ್ಕೆ ಉತ್ತರ. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಒಟ್ಟುಗೂಡಿಸಿ ಪುಟ್ಟಣ್ಣ ಕಣಗಾಲ್ ಒಂದೇ ಚಿತ್ರ ಮಾಡಿದರು. ಜನ ಮೆಚ್ಚಿದರು, ಕಾದಂಬರಿಕಾರರು ಮೆಚ್ಚಲಿಲ್ಲ. ಇಬ್ಬರಲ್ಲಿ ಯಾರು ಸರಿ ಎಂಬ ವಾದ ನಮಗಿಲ್ಲಿ ಬೇಡ. ಕಾದಂಬರಿಯಿಂದ ಚಿತ್ರಕ್ಕೆ ಹೋಗುವ ದಾರಿಯಲ್ಲಿ ಇನ್ನೊಬ್ಬ ಕರ್ತೃವಿನ ಕೆಲಸವಿದೆ, ಆ ಕೆಲಸವನ್ನು ಬೇರೆಯಾಗಿಯೇ ಕಲಿಯಬೇಕು ಎಂಬಷ್ಟು ಈ ಪ್ರಕರಣದಿಂದ ಸ್ಪಷ್ಟವಾಗುತ್ತದೆ. ಕಲಿಯುವುದೆಂದರೆ ಏನನ್ನು? ನಮ್ಮ ಅಭಿಪ್ರಾಯದಲ್ಲಿ ಮೂರನ್ನು: ಹೊತ್ತು, ಕಣ್ಣು, ಕಿವಿ. ಈ ಮೂರಕ್ಕೂ ಕನ್ನಡದಲ್ಲಿಯೇ ಉತ್ತಮ ಪಾಠಗಳಿವೆ. ಆಶ್ಚರ್ಯವೆಂದರೆ, ಆ ಮೂರು ಚಿತ್ರಗಳ ಹೆಸರೂ ಸಾವಿನ ಕರ್ಮಕ್ಕೆ ಸಂಬಂಧಿಸಿದುದು.

ಹೊತ್ತಿನ ಪಾಠ 'ಸಂಸ್ಕಾರ'ದಲ್ಲಿದೆ. ಯು. ಆರ್. ಅನಂತಮೂರ್ತಿಯವರ ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಪಟ್ಟಾಭಿರಾಮ ರೆಡ್ಡಿಯವರ ಚಿತ್ರ 1970ರಲ್ಲಿ ಬಂದು ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನು ತಂದಿತು. ಚಿತ್ರಕಥೆ ಗಿರೀಶ ಕಾರ್ನಾಡರದು. ಪ್ರಾಣೇಶಾಚಾರ್ಯರ ಪಾತ್ರವನ್ನು ವಹಿಸಿದವರೂ ಅವರೇ. ಕಾದಂಬರಿಯ ಬಹುಭಾಗ ಆಚಾರ್ಯರ ಮನಸ್ಸಿನೊಳಗಿನ ತರ್ಕ. ತರ್ಕವನ್ನು ಛಾಯಾಗ್ರಹಣ ಮಾಡಲಾಗದು. ಹಾಗಾದರೆ ಚಿತ್ರಕಥೆಗೆ ಆಧಾರವೇನು? ಒಂದು ಹೆಣ. ನಾರಣಪ್ಪ ಸತ್ತಿದ್ದಾನೆ. ಅವನ ದಹನವಾಗುವ ತನಕ ಅಗ್ರಹಾರದಲ್ಲಿ ಒಲೆ ಹೊತ್ತುವಂತಿಲ್ಲ, ಯಾರೂ ಉಣ್ಣುವಂತಿಲ್ಲ. ಸಂಸ್ಕಾರ ಮಾಡುವವರು ಯಾರೆಂಬ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರ ದೊರೆಯುತ್ತಿಲ್ಲ. ಹಸಿವು ಏರುತ್ತದೆ, ಬಿಸಿಲು ಏರುತ್ತದೆ, ಹೆಣ ಕಾಯುವುದಿಲ್ಲ. ಧರ್ಮಸೂಕ್ಷ್ಮ ತಿಳಿಯದ ಪ್ರೇಕ್ಷಕನಿಗೂ ಈ ಆತುರ ತಿಳಿಯುತ್ತದೆ. ಇದನ್ನೇ ನಾವು ಹೊತ್ತು ಎಂದದ್ದು. ಕಥೆಯೊಳಗೆ ಒಂದು ಗಡುವು ಇದ್ದರೆ, ಪಾತ್ರಗಳು ಸುಮ್ಮನೆ ಕುಳಿತರೂ ಕಥೆ ನಡೆಯುತ್ತಿರುತ್ತದೆ.

ಅದೇ ಕಥೆಯ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಚಂದ್ರಿ ತನ್ನ ಮೈಮೇಲಿನ ಚಿನ್ನವನ್ನು ಬಿಚ್ಚಿ ಸಂಸ್ಕಾರದ ಖರ್ಚಿಗೆಂದು ಆಚಾರ್ಯರ ಮುಂದೆ ಇಡುತ್ತಾಳೆ. ಅದುವರೆಗೆ ಒಲ್ಲೆವೆಂದ ಬ್ರಾಹ್ಮಣರ ಕಣ್ಣು ಆ ಚಿನ್ನದ ಮೇಲೆ ಬೀಳುತ್ತದೆ. ಒಬ್ಬಳ ನಿಷ್ಠೆ, ಹಲವರ ಲೋಭ, ಎರಡನ್ನೂ ಒಂದು ಕ್ರಿಯೆ ಹೇಳಿತು. ಅಭ್ಯಾಸಿಯು ಈ ದೃಶ್ಯವನ್ನು ಮಾತಿನಲ್ಲಿ ಬರೆದು ನೋಡಲಿ. ಎರಡು ಪುಟ ತುಂಬುತ್ತದೆ, ಪರಿಣಾಮ ಅರ್ಧವಾಗುತ್ತದೆ.

ಕಣ್ಣಿನ ಪಾಠ 'ಘಟಶ್ರಾದ್ಧ'ದಲ್ಲಿದೆ. ಇದೂ ಅನಂತಮೂರ್ತಿಯವರದೇ ಕಥೆ. 1977ರಲ್ಲಿ ಗಿರೀಶ ಕಾಸರವಳ್ಳಿಯವರು ತಮ್ಮ ಮೊದಲ ಕಥಾಚಿತ್ರವಾಗಿ ಇದನ್ನು ಮಾಡಿದರು. ಇದಕ್ಕೂ ಸ್ವರ್ಣಕಮಲ ದೊರೆಯಿತು. ವಿಧವೆಯಾದ ಯಮುನೆ ಬಸಿರಾಗುತ್ತಾಳೆ. ಬದುಕಿರುವವಳಿಗೆ ತಂದೆಯೇ ಶ್ರಾದ್ಧ ಮಾಡಿ ಅವಳನ್ನು ಸತ್ತವಳ ಲೆಕ್ಕಕ್ಕೆ ಸೇರಿಸುತ್ತಾನೆ. ಇದನ್ನು ಯಾರ ಕಣ್ಣಿನಿಂದ ನೋಡಬೇಕು? ಯಮುನೆಯ ಕಣ್ಣಿನಿಂದ ನೋಡಿದ್ದರೆ ಕರುಣಾಜನಕ ಕಥೆಯಾಗುತ್ತಿತ್ತು. ತಂದೆ ಉಡುಪರ ಕಣ್ಣಿನಿಂದಾದರೆ ಧರ್ಮಸಂಕಟದ ಕಥೆ. ಚಿತ್ರವು ವೇದಪಾಠಕ್ಕೆ ಬಂದ ನಾಣಿ ಎಂಬ ಹುಡುಗನ ಕಣ್ಣನ್ನು ಆರಿಸಿಕೊಂಡಿತು. ಅವನಿಗೆ ಯಮುನಕ್ಕ ಒಳ್ಳೆಯವಳೆಂಬುದಷ್ಟು ಗೊತ್ತು. ಅವಳಿಗೆ ಏನಾಯಿತೆಂಬುದು ಪೂರ್ತಿಯಾಗಿ ತಿಳಿಯದು. ಅವನು ತಿಳಿಯದೆ ನೋಡುತ್ತಾನೆ, ನಾವು ತಿಳಿದು ನೋಡುತ್ತೇವೆ. ಈ ಎರಡರ ನಡುವಣ ಅಂತರದಲ್ಲಿಯೇ ದುಃಖ ಹುಟ್ಟುತ್ತದೆ. ಕಡೆಯಲ್ಲಿ ತಲೆ ಬೋಳಿಸಿ ಮರದಡಿ ಕುಳ್ಳಿರಿಸಿದ ಆಕೆಯನ್ನು ಬಿಟ್ಟು ಹುಡುಗ ತನ್ನ ತಂದೆಯೊಡನೆ ಹೊರಟುಹೋಗುವಾಗ, ಸಮಾಜವನ್ನು ಖಂಡಿಸುವ ಒಂದು ಮಾತನ್ನಾದರೂ ಸೇರಿಸಿದ್ದರೆ ಚಿತ್ರ ಕೆಡುತ್ತಿತ್ತು. ಧ್ವನಿಯೇ ಕಾವ್ಯದ ಆತ್ಮವೆಂದು ತರಗತಿಯಲ್ಲಿ ಪಾಠ ಹೇಳುವ ನಮಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಕಿವಿಯ ಪಾಠಕ್ಕೆ ನಾವು 'ತಿಥಿ'ಯನ್ನು ತೆಗೆದುಕೊಳ್ಳುತ್ತೇವೆ. ರಾಮ್ ರೆಡ್ಡಿಯವರು ನಿರ್ದೇಶಿಸಿ, ಈರೇಗೌಡರೊಡನೆ ಕೂಡಿ ಬರೆದ ಈ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, 2016ರಲ್ಲಿ ನಾಡಿನ ಚಿತ್ರಮಂದಿರಗಳಿಗೆ ಬಂದಿತು. ಮಂಡ್ಯ ಸೀಮೆಯ ನೊದೆಕೊಪ್ಪಲು ಎಂಬ ಹಳ್ಳಿಯಲ್ಲಿ ಅಲ್ಲಿನ ಜನರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು ತೆಗೆದ ಚಿತ್ರ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನ ತಿಥಿ. ಅಷ್ಟರೊಳಗೆ ಮೊಮ್ಮಗ ತಮ್ಮಣ್ಣನಿಗೆ ಅಜ್ಜನ ಜಮೀನನ್ನು ಮಾರಬೇಕಾಗಿದೆ. ನಡುವೆ ಅಡ್ಡವಾಗಿರುವವನು ತಂದೆ ಗಡ್ಡಪ್ಪ. ಅವನಿಗೆ ಜಮೀನೂ ಬೇಡ, ಸಹಿಯೂ ಬೇಡ, ಬ್ರಾಂದಿಯ ಸೀಸೆಯೊಡನೆ ದಾರಿ ಸವೆಸುವುದಷ್ಟೇ ಬೇಕು. ಮಗನು ಬದುಕಿರುವ ತಂದೆಯನ್ನೇ ಸತ್ತನೆಂದು ಕಾಗದದಲ್ಲಿ ತೋರಿಸಲು ಹೊರಡುತ್ತಾನೆ. 'ಘಟಶ್ರಾದ್ಧ'ದಲ್ಲಿ ಮಂತ್ರವು ಮಾಡಿದ ಕೆಲಸವನ್ನು ಇಲ್ಲಿ ಕಂದಾಯದ ಕಾಗದ ಮಾಡುತ್ತದೆ!

ಈ ಚಿತ್ರದ ಮಾತು ಯಾರ ಲೇಖನಿಯಿಂದಲೂ ಇಳಿದಂತೆ ತೋರುವುದಿಲ್ಲ. ಅದು ಆ ನೆಲದ ಮಾತು. ಬೈಗುಳವುಂಟು, ಅರ್ಧಕ್ಕೆ ನಿಂತ ವಾಕ್ಯವುಂಟು, ಕೇಳಿದ್ದಕ್ಕೆ ಉತ್ತರ ಕೊಡದೆ ಬೇರೇನನ್ನೋ ಹೇಳುವ ಹಳ್ಳಿಯ ಜಾಣತನವುಂಟು. ಆದರೆ ಇದನ್ನು ಆಡುಮಾತಿನ ಬರಿಯ ನಕಲೆಂದು ತಿಳಿಯುವುದು ತಪ್ಪು. ಬಹಳ ಹೊತ್ತು ಒಂದೆರಡು ಶಬ್ದಗಳಲ್ಲೇ ಕಾಲ ಕಳೆದ ಗಡ್ಡಪ್ಪ, ಊರಿನಿಂದ ದೂರದಲ್ಲಿ ಕುರಿಗಾಹಿಗಳೊಡನೆ ಬೆಂಕಿಯ ಮುಂದೆ ಕುಳಿತಾಗ ತನ್ನ ಬಾಳಿನ ಕಥೆಯನ್ನು ಹೇಳುತ್ತಾನೆ. ಆಗ ಅವನು ಏಕೆ ಹಾಗೆ ನಡೆಯುತ್ತಾನೆಂಬುದು ನಮಗೆ ತಿಳಿಯುತ್ತದೆ. ಇಲ್ಲಿಯೂ ದೀರ್ಘವಾದ ಮಾತಿದೆಯಷ್ಟೆ. ಆದರೆ ಅದು ಮೌನದಿಂದ ಕೂಡಿಟ್ಟ ಹಣದಲ್ಲಿ ಕೊಂಡ ಮಾತು. ಮಾತು ಬೇಡವೆಂದು ನಾವು ಹೇಳುತ್ತಿಲ್ಲ. ಸಾಲದ ಮಾತು ಬೇಡವೆನ್ನುತ್ತೇವೆ.

ಈ ಅಳತೆಗೋಲನ್ನು ಹಿಡಿದು, ಗಡಿನಾಡಿನವರಾದ ನಮಗೆ ಅತ್ಯಂತ ಪ್ರಿಯವಾದ ಒಂದು ಚಿತ್ರವನ್ನು ಅಳೆಯಬೇಕು. ಪ್ರಿಯವಾದುದನ್ನು ಅಳೆಯದಿದ್ದರೆ ವಿಮರ್ಶೆಗೆ ಅರ್ಥವಿಲ್ಲ. ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' 2018ರಲ್ಲಿ ಬಂದಿತು. ಆ ಸಾಲಿನ ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಶಾಲೆಯೊಂದಕ್ಕೆ ಕನ್ನಡ ಬಾರದ ಉಪಾಧ್ಯಾಯ ಬರುತ್ತಾನೆ. ಹುಡುಗರು ಕಂಗಾಲಾಗುತ್ತಾರೆ, ಆಟವಾಡುತ್ತಾರೆ, ಹೋರಾಡುತ್ತಾರೆ. ಪೂರ್ವಾರ್ಧದ ಹುಡುಗರ ಮಾತು, ಅವರ ನಡಿಗೆ, ಆ ಕರಾವಳಿಯ ರಾಗ, ಎಲ್ಲವೂ ಕಿವಿಯಿಟ್ಟು ಕೇಳಿದವರ ಬರವಣಿಗೆ. ಉತ್ತರಾರ್ಧದಲ್ಲಿ ಕಥೆ ಮೈಸೂರಿಗೆ ಹೋಗಿ ನ್ಯಾಯಾಲಯವನ್ನು ಸೇರುತ್ತದೆ. ಅಲ್ಲಿ ಅನಂತನಾಗ್ ಅವರ ಪಾತ್ರ ಭಾಷೆಯ ಪರವಾಗಿ ವಾದಿಸುತ್ತದೆ. ಮಾತೇನೋ ಸತ್ಯ, ನಟರೂ ಸಮರ್ಥರು, ನಮ್ಮ ಕಣ್ಣಿನಲ್ಲೂ ನೀರು ಬಂದಿತು. ಆದರೂ ಕೇಳಿಕೊಳ್ಳಬೇಕು: ಮಕ್ಕಳ ಚಿತ್ರದ ಗೆಲುವನ್ನು ದೊಡ್ಡವರೊಬ್ಬರ ಭಾಷಣಕ್ಕೆ ಒಪ್ಪಿಸಿದ್ದು ಉಚಿತವೆ? ಅರ್ಥವಾಗದ ಭಾಷೆಯ ಲೆಕ್ಕದ ಪಾಠದ ಮುಂದೆ ಕುಳಿತ ಹುಡುಗನ ಮುಖವು ಆ ವಾದವನ್ನು ಆಗಲೇ ಹೇಳಿ ಮುಗಿಸಿತ್ತಲ್ಲವೆ? 'ಪರಾಶಕ್ತಿ'ಯ ನ್ಯಾಯಾಲಯ ಅರವತ್ತಾರು ವರ್ಷಗಳ ಮೇಲೆ ಮತ್ತೆ ತೆರೆಯಿತೆಂದು ನಮಗೆ ತೋರಿತು. ಕಷ್ಟದಲ್ಲಿರುವ ಜನ ಮಾತನ್ನು ನಂಬುವುದು ಸಹಜ, ಏಕೆಂದರೆ ಅವರ ಬಳಿ ಬೇರೆ ಆಯುಧವಿಲ್ಲ. ಆದರೆ ಚಿತ್ರಕಥೆ ಬರೆಯುವವನ ಬಳಿ ಬೇರೆ ಆಯುಧವುಂಟು.

ಇಷ್ಟು ಹೇಳುವ ಅಧಿಕಾರ ನಮಗಿದೆಯೆ? ಇಲ್ಲವೆಂದು ತೋರಿಸಲು ನಮ್ಮ ತಪ್ಪನ್ನು ಇಲ್ಲಿ ಬರೆಯುತ್ತೇವೆ. ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಕನ್ನಡ ಬರವಣಿಗೆಯನ್ನು ಅಭ್ಯಾಸ ಮಾಡಿಸುತ್ತಿದ್ದೆವು. ನಿಮ್ಮ ಮನೆಯಲ್ಲಿ ನಡೆದುದನ್ನು ಚಿತ್ರದ ದೃಶ್ಯದಂತೆ ಬರೆಯಿರಿ ಎಂದೆವು. ಹುಡುಗಿಯೊಬ್ಬಳು ಅರ್ಧ ಪುಟ ಬರೆದಳು. ಪಾಲಕೋಡಿನ ಮಂಡಿಗೆ ತಕ್ಕಾಳಿ ಒಯ್ದಿದ್ದ ಅಪ್ಪ ಹಿಂದಿರುಗುತ್ತಾನೆ. "ಏಷ್ಟಕ್ಕೋಯ್ತು?" ಎಂದು ಅಮ್ಮ ಕೇಳುತ್ತಾಳೆ. ಅಪ್ಪ ಉತ್ತರ ಕೊಡುವುದಿಲ್ಲ. ಖಾಲಿ ಪೆಟ್ಟಿಗೆಗಳನ್ನು ಒಂದೊಂದಾಗಿ ತೊಳೆದು ಬಿಸಿಲಿಗೆ ಕವುಚುತ್ತಾನೆ. ಅಮ್ಮ ಇನ್ನೊಂದು ಕೊಡ ನೀರು ತಂದಿಡುತ್ತಾಳೆ. ಅಷ್ಟೇ ದೃಶ್ಯ.

ನಾವು ಕೆಂಪು ಶಾಯಿಯನ್ನು ತೆಗೆದುಕೊಂಡೆವು. ತಕ್ಕಾಳಿ ತಮಿಳು ಮಾತೆಂದು ಹೊಡೆದು ಟೊಮೇಟೊ ಎಂದು ಬರೆದೆವು. ನೆರೆಯವರ ಶಬ್ದವನ್ನು ತೆಗೆದು ಸಮುದ್ರದಾಚೆಯ ಶಬ್ದವನ್ನು ಇಟ್ಟು, ಕನ್ನಡವನ್ನು ಶುದ್ಧಮಾಡಿದೆವೆಂದು ಬೀಗಿದೆವು! ಅಮ್ಮನ ಪ್ರಶ್ನೆಯನ್ನು ವ್ಯಾಕರಣಕ್ಕೆ ಸರಿಯಾಗಿ ತಿದ್ದಿದೆವು. ಅಪ್ಪ ಸುಮ್ಮನಿರುವುದು ನಾಟಕಕ್ಕೆ ಒಪ್ಪುವುದಿಲ್ಲವೆಂದು ಅವನ ಬಾಯಿಗೆ ರೈತನ ಬವಣೆಯನ್ನು ಕುರಿತು ನಾಲ್ಕು ವಾಕ್ಯಗಳನ್ನು ತುಂಬಿದೆವು. ರಜೆಯ ಕಡೆಯ ದಿನ ಮಕ್ಕಳು ಅದನ್ನು ಓದಿದಾಗ ಚಪ್ಪಾಳೆಯೂ ಬಿದ್ದಿತು. ಹುಡುಗಿ ಕಾಗದವನ್ನು ಹಿಂದಕ್ಕೆ ಕೊಡುತ್ತ, "ನಮ್ಮಪ್ಪ ಇಷ್ಟು ಮಾತಾಡಲ್ಲ ಸಾರ್" ಎಂದಳು.

ಆ ಮಾತಿಗೆ ನಮ್ಮ ಬಳಿ ಉತ್ತರವಿರಲಿಲ್ಲ. ಆಕೆಯ ಅರ್ಧ ಪುಟದಲ್ಲಿ ಮೂರು ಪಾಠಗಳೂ ಇದ್ದುವು. ಸಂತೆ ಮುಗಿದ ಹೊತ್ತು ಇತ್ತು, ಬಾಗಿಲಲ್ಲಿ ನಿಂತು ನೋಡುವ ಮಗಳ ಕಣ್ಣು ಇತ್ತು, ತಮಿಳು ನೆಲದಲ್ಲಿ ಬೆಳೆದ ಕನ್ನಡವನ್ನು ಇದ್ದಂತೆಯೇ ಕೇಳಿದ ಕಿವಿ ಇತ್ತು. ಇವನ್ನು ಕಲಿಸಬೇಕಾದ ನಾವೇ ಅವನ್ನು ಅಳಿಸಿದೆವು. ನಮ್ಮ ಸೀಮೆಯ ಕನ್ನಡ ಇದುವರೆಗೆ ತೆರೆಯ ಮೇಲೆ ವಿರಳವಾಗಿರುವುದಕ್ಕೆ ಬೆಂಗಳೂರಿನವರನ್ನೋ ಚೆನ್ನೈಯವರನ್ನೋ ದೂರುವುದು ಸುಲಭ. ಅದು ನಮ್ಮ ತರಗತಿಯಲ್ಲಿಯೇ, ಕೆಂಪು ಶಾಯಿಯಲ್ಲಿಯೇ ಮುಳುಗಿಹೋದದ್ದೂ ಉಂಟೆಂದು ಒಪ್ಪಿಕೊಳ್ಳಬೇಕು. ಮಂಡ್ಯದ ಹಳ್ಳಿಯ ಮಾತು ಲೊಕಾರ್ನೊ ತನಕ ಹೋಗಬಹುದಾದರೆ ಪಾಲಕೋಡಿನ ಮಾತು ಬೆಂಗಳೂರಿನ ತನಕವಾದರೂ ಹೋಗಬಾರದೇಕೆ?

ಆದುದರಿಂದ ಸಹೋದ್ಯೋಗಿ ಬಂಧುಗಳ ಮುಂದೆ ಕೆಲವು ಅಭ್ಯಾಸಕ್ರಮಗಳನ್ನು ಇಡುತ್ತೇವೆ. ಇವು ನಮ್ಮ ತಪ್ಪಿನಿಂದ ಹುಟ್ಟಿದವು.

ಹಾಳೆಯನ್ನು ನೆಟ್ಟಗೆ ಇಬ್ಭಾಗ ಮಾಡಿ, ಎಡಕ್ಕೆ ಕಾಣುವುದನ್ನೂ ಬಲಕ್ಕೆ ಕೇಳುವುದನ್ನೂ ಬರೆಸಬೇಕು. ಚಿತ್ರಕಥೆಯನ್ನು ಬರೆಯುವ ಹಳೆಯ ಪದ್ಧತಿಗಳಲ್ಲಿ ಇದೂ ಒಂದು. ಬಲಭಾಗ ತುಂಬಿ ಎಡಭಾಗ ಬರಿದಾಗಿದ್ದರೆ ಅದು ನಾಟಕ, ಚಿತ್ರವಲ್ಲ. ಮೊದಲ ವಾರ ಬಲಭಾಗದಲ್ಲಿ ಏನನ್ನೂ ಬರೆಯಗೊಡಬಾರದು. ಎರಡನೆಯ ವಾರ ಸಂತೆಯಲ್ಲಿಯೋ ಬಸ್ಸಿನಲ್ಲಿಯೋ ಕುಳಿತು ಕೇಳಿದ ಮಾತನ್ನು, ತಿದ್ದದೆ, ಹತ್ತು ಸಾಲು ಬರೆದು ತರಲಿ. 'ಅವನಿಗೆ ದುಃಖವಾಯಿತು' ಎಂಬಂತಹ ವಾಕ್ಯ ಕಂಡಲ್ಲೆಲ್ಲ, ದುಃಖವಾದವನ ಕೈ ಏನು ಮಾಡುತ್ತಿತ್ತು ಎಂದು ಕೇಳಬೇಕು. ಪ್ರತಿಯೊಂದು ದೃಶ್ಯಕ್ಕೂ ಇದು ಯಾವಾಗ ಮುಗಿಯಲೇಬೇಕು, ಇದನ್ನು ಯಾರು ನೋಡುತ್ತಿದ್ದಾರೆ ಎಂಬ ಎರಡು ಪ್ರಶ್ನೆಗಳನ್ನು ಹಾಕಬೇಕು. ಬರೆದುದನ್ನು ಗಟ್ಟಿಯಾಗಿ ಓದಿಸಿ, ಮೂರರಲ್ಲೊಂದು ಪಾಲು ಮಾತನ್ನು ಬರೆದವನ ಕೈಯಿಂದಲೇ ಹೊಡೆಸಬೇಕು. ಉಪಾಧ್ಯಾಯನ ಕೈಯಿಂದಲ್ಲ. ಹೊಡೆದ ಮೇಲೂ ಅರ್ಥ ನಿಂತರೆ ಆ ಮಾತು ಬೇಕಿರಲಿಲ್ಲ. ಅರ್ಥ ಕುಸಿದರೆ ಹೊಡೆದುದನ್ನು ಮತ್ತೆ ಇಡಬಹುದು.

ಇದಕ್ಕೆಲ್ಲ ದೊಡ್ಡ ನಗರ ಬೇಕೆಂದು ಯಾರೂ ಹೇಳಬಾರದು. ಮಲೆನಾಡಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿ, ಅಡಕೆ ತೋಟದ ಜನಕ್ಕೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತು. ಭಾಷೆಯ ಗಡಿಯೂ ಇಲ್ಲಿ ಅಡ್ಡಿಯಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಕಾಸರವಳ್ಳಿಯವರು ಮಾಡಿದ 'ತಬರನ ಕಥೆ'ಯಲ್ಲಿ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನಾಗಿ ಅಭಿನಯಿಸಿ ರಾಷ್ಟ್ರಪ್ರಶಸ್ತಿ ಪಡೆದವರು ತಮಿಳರಾದ ಚಾರುಹಾಸನ್. ಕಾಯುವವನ ಬೆನ್ನಿಗೆ ಭಾಷೆಯ ಭೇದವಿಲ್ಲ.

ನಮ್ಮ ಊರಿನಿಂದ ದಕ್ಷಿಣಕ್ಕೆ ಹೊರಟ ರೈಲು ಸೇಲಮನ್ನು ಸೇರುತ್ತದೆ, ಉತ್ತರಕ್ಕೆ ಹೊರಟದ್ದು ಬೆಂಗಳೂರನ್ನು. ಎರಡು ಚಿತ್ರಪರಂಪರೆಗಳ ನಡುವೆ ಕುಳಿತಿರುವ ನಮಗೆ ಎರಡರ ಗುಣವನ್ನೂ ದೋಷವನ್ನೂ ನೋಡುವ ಅನುಕೂಲವುಂಟು. ಮಾತನ್ನು ಕಲಿಸುವ ವೃತ್ತಿ ನಮ್ಮದು. ಮಾತು ಎಲ್ಲಿ ನಿಲ್ಲಬೇಕೆಂಬುದನ್ನೂ ಕಲಿಸಿದರೆ ಆ ವೃತ್ತಿಗೆ ಊನವಾಗದು. ಆ ಹುಡುಗಿಯ ಅರ್ಧ ಪುಟ ಈಗಲೂ ನಮ್ಮಲ್ಲಿದೆ. ಕೆಂಪು ಶಾಯಿಯ ಕೆಳಗೆ ಆಕೆ ಬರೆದ ಪೆನ್ಸಿಲ್ ಅಕ್ಷರಗಳನ್ನು ಇನ್ನೂ ಓದಬಹುದು. ಮುಂದಿನ ರಜೆಯ ತರಗತಿಯಲ್ಲಿ ನಾವು ಮೊದಲು ಓದಿಸುವ ಪಾಠ ಅದೇ, ತಕ್ಕಾಳಿ ಎಂಬ ಮಾತಿನೊಡನೆಯೇ.